ಸೊಂಟದ ಬ್ಯಾಕಪ್

ನಿವೃತ್ತಿ ಎನ್ನುವುದು ಮನುಷ್ಯರಿಗೆ ಮಾತ್ರ ಎಂದು ನಾನು ತಿಳಿದಿದ್ದೆ. ಪಕ್ಕದ ಅಂಗಡಿಯ ಟೈಲರ್ ಮಾಸ್ಟರ್ ತಮ್ಮ ಅಳತೆ ಟೇಪಿಗೆ ನಿವೃತ್ತಿ ಕೊಟ್ಟು, ಬೀದಿಯವರಿಗೆಲ್ಲ ಟೀ ಕುಡಿಸಿ, ಅದನ್ನು ಗಾಜಿನ ಚೌಕಟ್ಟಿನಲ್ಲಿ ಸುರುಳಿ ಸುತ್ತಿ ಕೂರಿಸಿ ಗೋಡೆಗೆ ನೇತುಹಾಕಿದ ದಿನ ಆ ತಿಳಿವಳಿಕೆ ಹೋಯಿತು. ಚೌಕಟ್ಟನ್ನು ಮೊಳೆಗೆ ಕಟ್ಟಲು ಹಗ್ಗ ಸಿಗಲಿಲ್ಲ. ಅಂಗಡಿಯಲ್ಲಿದ್ದ ಉಳಿದ ಎರಡು ಟೇಪುಗಳನ್ನೇ ಹೊಸೆದು ಹಗ್ಗ ಮಾಡಿದರು. ಹೀಗೆ ಒಂದೇ ಏಟಿಗೆ ಮೂರೂ ಟೇಪುಗಳು ಗೋಡೆ ಸೇರಿದವು.

ನನ್ನದು ಷೂ, ಚೀಲ, ಬೆಲ್ಟುಗಳ ರಿಪೇರಿ ಅಂಗಡಿ. ನಮ್ಮಿಬ್ಬರ ನಡುವೆ ಇರುವುದು ಒಂದು ಹಲಗೆಯ ಗೋಡೆ. ಅವರ ಹೊಲಿಗೆ ಯಂತ್ರ ಓಡಿದರೆ ನನ್ನ ಮೊಳೆಗಳ ಡಬ್ಬ ಕುಣಿಯುತ್ತದೆ. ಆದ್ದರಿಂದ ಅಲ್ಲಿ ನಡೆದದ್ದೆಲ್ಲ ನನಗೆ ಗೊತ್ತು. ಗೊತ್ತಾಗಬಾರದು ಎಂದುಕೊಂಡರೂ ಗೊತ್ತಾಗುತ್ತದೆ.

ಟೀ ಲೋಟ ಹಿಡಿದು ಮಾಸ್ಟರ್ ಅಂದು ಭಾಷಣ ಮಾಡಿದರು. "ನಾಲ್ಕು ವರ್ಷದಿಂದ ಬಂದವರ ಅಳತೇನೆಲ್ಲ ಲ್ಯಾಪ್‌ಟಾಪಿಗೆ ಹಾಕಿದ್ದೀನಿ. ಈ ಬೀದೀಲಿ ನನ್ನ ಕಂಪ್ಯೂಟರಿಗೆ ಗೊತ್ತಿಲ್ಲದ ಸೊಂಟ ಒಂದೂ ಇಲ್ಲ. ಇನ್ಮೇಲೆ ಯಾರೂ ಬಂದು ಕೈ ಎತ್ಕೊಂಡು ನಿಲ್ಲೋದು ಬೇಡ. ಬಟ್ಟೆ ಕಳಿಸಿ, ಫೋನ್ ಮಾಡಿ, ಮುಗೀತು."

"ನಾವು ದಪ್ಪ ಆದ್ರೆ?" ಎಂದು ನಿವೃತ್ತ ಪೋಸ್ಟ್‌ಮಾಸ್ಟರು ಕೇಳಿದರು.

"ವರ್ಷಕ್ಕೆ ಕಾಲು ಇಂಚು ಸೇರಿಸ್ತೀನಿ."

"ಮನುಷ್ಯರೇನು ಮರಾನಾ, ವರ್ಷಕ್ಕೊಂದು ಸುತ್ತು ಬೆಳೆಯೋಕೆ?" ಎಂದು ಒಳಗಿನಿಂದ ಮಾತು ಬಂತು. ಅದು ಮಾಸ್ಟರ ಹೆಂಡತಿ. ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ. ಮಾಸ್ಟರ್ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ; ಅತ್ತಿಗೆ ಅದನ್ನು ಕತ್ತರಿಸುತ್ತಾರೆ, ಹೊಲಿಯುತ್ತಾರೆ, ಕಾಜ ಮಾಡುತ್ತಾರೆ, ಗುಂಡಿ ಹಾಕುತ್ತಾರೆ, ಇಸ್ತ್ರಿ ಮಾಡುತ್ತಾರೆ. ಉಳಿದದ್ದೆಲ್ಲ ಮಾಸ್ಟರ ಕೆಲಸ.

ಆ ಲ್ಯಾಪ್‌ಟಾಪನ್ನು ನಾಲ್ಕು ವರ್ಷಗಳ ಹಿಂದೆ ಕೊಡಿಸಿದವಳು ಮಾಸ್ಟರ ಅಕ್ಕನ ಮಗಳು. ದೊಡ್ಡ ಕಚೇರಿಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವಳ ಉದ್ಯೋಗ. ಮಾವನ ಹಳೆಯ ಅಳತೆ ಪುಸ್ತಕಗಳನ್ನೆಲ್ಲ ಕುಳಿತು ಅದಕ್ಕೆ ತುಂಬಿಸಿ, ಒಂದು ಸಣ್ಣ ಕಪ್ಪು ಪೆಟ್ಟಿಗೆ ಕೊಟ್ಟು, "ಮಾವ, ಲ್ಯಾಪ್‌ಟಾಪ್ ಯಾವತ್ತಾದ್ರೂ ಕೈ ಕೊಡತ್ತೆ. ವಾರಕ್ಕೊಂದ್ಸಲ ಇದಕ್ಕೆ ಬ್ಯಾಕಪ್ ತಗೊಳ್ಳಿ," ಎಂದು ಒಮ್ಮೆ ಮಾಡಿ ತೋರಿಸಿ ಹೋಗಿದ್ದಳು.

ಮಾಸ್ಟರ್ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಊಟವಾದ ಮೇಲೆ ಕೈ ತೊಳೆಯುತ್ತಿದ್ದರು. ಬೀರುವಿನಿಂದ ಕಪ್ಪು ಪೆಟ್ಟಿಗೆ ಹೊರಗೆ ಬರುತ್ತಿತ್ತು. ಅದಕ್ಕೆ ಸುತ್ತಿದ ಮಖಮಲ್ಲಿನ ತುಂಡನ್ನು ಬಿಡಿಸಿ, ತಂತಿಯನ್ನು ಲ್ಯಾಪ್‌ಟಾಪಿಗೆ ಚುಚ್ಚುತ್ತಿದ್ದರು. ನೀಲಿ ದೀಪ ಮಿಣುಕುತ್ತಿತ್ತು. ಮಾಸ್ಟರ್ ಎದ್ದು ನಿಂತು ಒಂದರಿಂದ ನೂರರವರೆಗೆ ಎಣಿಸಿ, ತಂತಿ ಕಿತ್ತು, ಪೆಟ್ಟಿಗೆಯನ್ನು ಮತ್ತೆ ಮಖಮಲ್ಲಿನಲ್ಲಿ ಮಲಗಿಸಿ, ರಿಜಿಸ್ಟರಿನಲ್ಲಿ ತಾರೀಖು ಹಾಕಿ "ಬ್ಯಾಕಪ್ ಆಯಿತು" ಎಂದು ಬರೆದು ಸಹಿ ಮಾಡುತ್ತಿದ್ದರು. ಅವರು ಎಲ್ಲಾದರೂ ಹೋದ ಶನಿವಾರ ಆ ಜವಾಬ್ದಾರಿ ನನ್ನದು. ನಾನೂ ಹದಿಮೂರು ಸಲ ನೂರು ಎಣಿಸಿ ಸಹಿ ಹಾಕಿದ್ದೇನೆ. ಇದನ್ನು ಮುಚ್ಚಿಟ್ಟು ಮುಂದಿನದನ್ನು ಹೇಳುವುದು ಸರಿಯಲ್ಲ.

ಟೇಪು ಗೋಡೆ ಹತ್ತಿ ಎರಡು ತಿಂಗಳಾಗಿತ್ತು. ಆಗ ಬಸ್ ಡಿಪೋದ ಕೆಲಸ ಬಂತು. ಇಪ್ಪತ್ತನಾಲ್ಕು ಡ್ರೈವರುಗಳಿಗೆ ಹೊಸ ಸಮವಸ್ತ್ರ. ಮೂರು ವಾರ ಬಿಟ್ಟು ಒಂದು ಸೋಮವಾರ ಹೊಸ ಮಾರ್ಗದ ಉದ್ಘಾಟನೆ, ಮೇಲಧಿಕಾರಿ ಬರುತ್ತಾರೆ, ಅಷ್ಟರಲ್ಲಿ ಬಟ್ಟೆ ಕೈಸೇರಬೇಕು. ಡಿಪೋದ ಹೊಲಿಗೆ ಹದಿನೆಂಟು ವರ್ಷದಿಂದ ಮಾಸ್ಟರದೇ. ಆದರೆ ಈಚೆಗೆ ಎದುರಿನ ಸಾಲಿನಲ್ಲಿ ಸಿದ್ಧ ಉಡುಪಿನ ಅಂಗಡಿಯೊಂದು ಬಂದಿದೆ. ಅದರ ಮಾಲೀಕ ಡಿಪೋ ಮ್ಯಾನೇಜರನ್ನು ಆಗಲೇ ಎರಡು ಸಲ ಒಳಗೆ ಕರೆದು ಕೂರಿಸಿ ಫ್ಯಾನು ಹಾಕಿದ್ದ. ಈ ಸಲ ಒಂದು ಪ್ಯಾಂಟು ಹೆಚ್ಚುಕಡಿಮೆಯಾದರೂ ಹದಿನೆಂಟು ವರ್ಷದ ಹೊಲಿಗೆ ರಸ್ತೆ ದಾಟಿ ಎದುರಿಗೆ ಹೋಗುತ್ತದೆ ಎಂದು ನಮಗೆಲ್ಲ ಗೊತ್ತಿತ್ತು.

ಬಟ್ಟೆಯ ಗಂಟು ಬಂದ ದಿನ ಪೇಪರ್ ಏಜೆಂಟನ ಹೆಂಡತಿ ಅಂಗಡಿ ಮುಂದೆ ನಿಂತಿದ್ದಳು. ಮಾಸ್ಟರ್ ಒಂದು ಕಾಲರಿಗೆ ತಾವೇ ಇಸ್ತ್ರಿ ಹಾಕುತ್ತ, ಕಂಪ್ಯೂಟರ್ ಇರುವವನಿಗೂ ಇಲ್ಲದವನಿಗೂ ಇರುವ ವ್ಯತ್ಯಾಸವನ್ನು ಅವಳಿಗೆ ವಿವರಿಸುತ್ತಿದ್ದರು. ವಿವರಣೆ ಬಿಸಿಯೇರಿದಾಗ ಎರಡೂ ಕೈ ಬೇಕಾದವು. ಇಸ್ತ್ರಿಪೆಟ್ಟಿಗೆಯನ್ನು ಅದರ ತಟ್ಟೆಯ ಮೇಲಿಟ್ಟರು. ತಟ್ಟೆ ಕಪ್ಪಗೆ, ಚಪ್ಪಟೆಯಾಗಿ, ಮೇಜಿನ ಬಲಗಡೆ ಇರುತ್ತದೆ. ಮುಚ್ಚಿಟ್ಟ ಲ್ಯಾಪ್‌ಟಾಪೂ ಕಪ್ಪಗೆ, ಚಪ್ಪಟೆಯಾಗಿ, ಮೇಜಿನ ಬಲಗಡೆಯೇ ಇತ್ತು.

ಹೊಗೆಯನ್ನು ಮೊದಲು ನೋಡಿದ್ದು ನಾನು. ನೋಡಿ ಕೂಗುವಷ್ಟರಲ್ಲಿ ಲ್ಯಾಪ್‌ಟಾಪಿನ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು ಮೂಗು ಸಮೇತ ಮೂಡಿತ್ತು.

"ಕಂಪ್ಯೂಟರ್ ಇಲ್ಲದವನ ವಿಷ್ಯ ಹೇಳ್ತಿದ್ರಿ," ಎಂದಳು ಪೇಪರ್ ಏಜೆಂಟನ ಹೆಂಡತಿ.

ಮಾಸ್ಟರ್ ಎದೆಗುಂದಲಿಲ್ಲ. ಅಕ್ಕನ ಮಗಳಿಗೆ ಫೋನ್ ಮಾಡಿ ಲೌಡ್‌ಸ್ಪೀಕರ್ ಹಾಕಿದರು.

"ಮಾವ, ಬ್ಯಾಕಪ್ ಇದೆ ತಾನೇ?"

"ಇದೆಯಾ ಅಂತ ಕೇಳ್ತೀಯಲ್ಲಮ್ಮ! ಇನ್ನೂರಕ್ಕೂ ಹೆಚ್ಚಿದೆ. ಸಹಿ ಸಮೇತ ಇದೆ."

"ಸಹಿ ಯಾಕೆ? ಇರ್ಲಿ. ನಮ್ಮ ಆಫೀಸಲ್ಲಿ ತೆಗೆದಿಟ್ಟಿರೋ ಲ್ಯಾಪ್‌ಟಾಪ್ ಒಂದಿದೆ, ಕಳಿಸ್ತೀನಿ. ಬಂದ್ಮೇಲೆ ಫೋನ್ ಮಾಡಿ. ಒಬ್ಬರೇ ಏನೂ ಮುಟ್ಬೇಡಿ."

ಮೂರನೇ ದಿನ ಲ್ಯಾಪ್‌ಟಾಪ್ ಬಂತು. ಮಾಸ್ಟರ್ ಒಬ್ಬರೇ ಮುಟ್ಟಲಿಲ್ಲ. ಬೀದಿಯನ್ನೆಲ್ಲ ಕರೆದರು. ಹಳೆಯ ಅಳತೆಗಳು ಹೊಸ ಲ್ಯಾಪ್‌ಟಾಪಿಗೆ ಹತ್ತುವುದನ್ನು ನೋಡಲು ಪೋಸ್ಟ್‌ಮಾಸ್ಟರು ಕನ್ನಡಕ ಒರೆಸಿಕೊಂಡು ಬಂದರು; ಏಜೆಂಟನ ಹೆಂಡತಿ ಸ್ಟೂಲು ತಂದಳು. ಅಕ್ಕನ ಮಗಳು ಫೋನಿನಲ್ಲಿ ಹೇಳಿಕೊಟ್ಟಂತೆ ಮಾಸ್ಟರ್ ಒಂದೊಂದೇ ಒತ್ತಿದರು. ಕೊನೆಗೆ ಪರದೆಯ ಮೇಲೆ ಒಂದು ಹಸಿರು ಪಟ್ಟಿ ಕಾಣಿಸಿಕೊಂಡು ತೆವಳತೊಡಗಿತು.

"ಎಷ್ಟು ಹೊತ್ತಂತೆ?" ಎಂದರು ಅತ್ತಿಗೆ.

"ನಾಲ್ಕು ನಿಮಿಷ ಅಂತಿದೆ. ಅಲ್ಲ, ಹತ್ತೊಂಬತ್ತು ಗಂಟೆ. ತಡಿ, ಐವತ್ತು ಸೆಕೆಂಡು."

"ಕಂಪ್ಯೂಟರ್ ಸುಳ್ಳು ಹೇಳಲ್ಲ ಅಂದಿದ್ರಿ."

"ಇದು ಸುಳ್ಳಲ್ಲ ಕಣೇ, ಯೋಚನೆ ಮಾಡ್ತಿದೆ."

ಅದರ ಯೋಚನೆಗೆ ಭಂಗ ಬರಬಾರದೆಂದು ಮಾಸ್ಟರ್ ಫ್ಯಾನು ಆರಿಸಿದರು. ಮೇಜು ಅಲುಗಬಾರದೆಂದು ಹೊಲಿಗೆ ಯಂತ್ರ ನಿಲ್ಲಿಸಿದರು. ನನ್ನ ಅಂಗಡಿಯಲ್ಲಿ ಮೊಳೆ ಹೊಡೆಯಬಾರದೆಂದು ಹೇಳಿ ಕಳಿಸಿದರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ನೂರರಲ್ಲಿ ತೊಂಬತ್ತೊಂಬತ್ತಕ್ಕೆ ಬಂದು ಪಟ್ಟಿ ನಿಂತುಬಿಟ್ಟಿತು. ಮುಕ್ಕಾಲು ಗಂಟೆ ನಾವು ಹನ್ನೊಂದು ಜನ ಬೆವರುತ್ತ ಆ ಉಳಿದ ಒಂದನ್ನು ನೋಡಿದೆವು. ಪೋಸ್ಟ್‌ಮಾಸ್ಟರು ಸಹನೆ ಕಳೆದುಕೊಂಡು, "ನಮ್ಮ ಕಾಲದಲ್ಲಿ ಇಷ್ಟು ಹೊತ್ತಲ್ಲಿ ಕಾಗದ ಮುಂದಿನ ಊರಿಗೆ ಹೋಗಿ ಉತ್ತರ ಬರ್ತಿತ್ತು," ಎಂದರು. ಆಗ ನೂರಾಯಿತು. ಚಪ್ಪಾಳೆ ಬಿತ್ತು.

ಪರದೆಯ ಮೇಲೆ ಮಾಸ್ಟರ ಫೋಟೋ ಮೂಡಿತು. ಅಂಗಡಿಯ ಗೋಡೆಗೆ ಒರಗಿ ನಿಂತಿದ್ದರು. ಈಗ ಅರ್ಧ ನರೆತಿರುವ ಮೀಸೆ ಅಲ್ಲಿ ಕಪ್ಪಗಿತ್ತು.

"ಹೊಸ ಪರದೆ ನೋಡಿ, ಹೇಗೆ ಕಾಣಿಸ್ತೀನಿ!" ಎಂದು ಮಾಸ್ಟರ್ ಬೀಗಿದರು.

"ಗೋಡೆ ಹಳದಿ ಇದೆಯಲ್ರೀ," ಎಂದರು ಅತ್ತಿಗೆ. "ನಾವು ಹಸಿರು ಹೊಡೆಸಿ ಎಷ್ಟು ಕಾಲ ಆಯ್ತು!"

"ಒಂದೊಂದು ಪರದೆ ಬಣ್ಣ ಒಂದೊಂದು ಥರ ತೋರಿಸತ್ತೆ. ನಿನಗೆ ಗೊತ್ತಾಗಲ್ಲ."

ಬೀದಿಯವರು ಮಾಸ್ಟರ ಮೀಸೆಯನ್ನು ಹೊಗಳಿ ಮನೆಗೆ ಹೋದರು. ಮಾಸ್ಟರ್ ಆ ಮಧ್ಯಾಹ್ನವೇ ಅಳತೆ ತೆಗೆದು ಗೆರೆ ಎಳೆಯಲು ಕುಳಿತರು. ಗೆರೆ ನೋಡಿ ಅತ್ತಿಗೆ, "ಈ ಸೊಂಟ ಸಣ್ಣದಾಯ್ತಲ್ವಾ? ಡ್ರೈವರುಗಳು ಇಷ್ಟೇ ಇದ್ದಾರಾ?" ಎಂದರು.

"ಕಂಪ್ಯೂಟರಲ್ಲಿ ಇರೋದು ಅಷ್ಟೇ. ಗೆರೆ ಮೇಲೆ ಕತ್ತರಿಸು ಸಾಕು."

ಅತ್ತಿಗೆ ಮಾತಾಡದೆ ಕತ್ತರಿ ತೆಗೆದುಕೊಂಡರು. ಅವರು ಮಾತಾಡದೆ ಏನಾದರೂ ತೆಗೆದುಕೊಂಡರೆ ನನಗೆ ಭಯವಾಗುತ್ತದೆ.

ಮೊದಲು ಸಿಕ್ಕಿಬಿದ್ದವರು ಪೋಸ್ಟ್‌ಮಾಸ್ಟರು. ಡಿಪೋದ ಕೆಲಸದ ನಡುವೆಯೇ ಅವರದೊಂದು ಪ್ಯಾಂಟು ಹೊಲಿದಾಗಿತ್ತು. ಬಟ್ಟೆ ಬದಲಿಸುವ ಮೂಲೆಯ ಬಟ್ಟೆಪರದೆಯ ಹಿಂದೆ ಹೋಗಿ ಹಾಕಿಕೊಂಡರು. ಆಮೇಲೆ ತಲೆ ಮಾತ್ರ ಹೊರಗೆ ಬಂತು.

"ಮಾಸ್ಟರೇ, ತೊಡೆ ಹತ್ರ ನಿಂತ್ಕೊಂಡಿದೆ. ಮೇಲೆ ಬರ್ತಿಲ್ಲ."

ಮಾಸ್ಟರ್ ಲ್ಯಾಪ್‌ಟಾಪ್ ನೋಡಿದರು, ಪ್ಯಾಂಟನ್ನು ಮರದ ಸ್ಕೇಲಿನಿಂದ ಅಳೆದರು, ಮತ್ತೆ ಲ್ಯಾಪ್‌ಟಾಪ್ ನೋಡಿದರು. "ಪ್ಯಾಂಟು ಸರಿ ಇದೆ ಸಾರ್. ತಪ್ಪು ಆಗಿರೋದು ನಿಮ್ಮ ಕಡೆ."

"ಈಗ ಹಾಕ್ಕೊಂಡು ಬಂದಿರೋ ಪ್ಯಾಂಟು ಆಗತ್ತಲ್ಲಯ್ಯ!"

"ಅದು ಹಳೇದು. ನಿಮ್ಮ ಮುಖ ನೋಡಿ ಮುಲಾಜಿಗೆ ಹಿಗ್ಗತ್ತೆ. ಹೊಸದಕ್ಕೆ ನಿಮ್ಮ ಪರಿಚಯ ಇಲ್ಲ, ಇದ್ದದ್ದು ಇದ್ದ ಹಾಗೆ ಹೇಳತ್ತೆ."

ಇಂಥ ಮಾತನ್ನು ಬೇರೆ ಯಾವ ವಿಷಯದಲ್ಲೇ ಹೇಳಿದ್ದರೂ ಪೋಸ್ಟ್‌ಮಾಸ್ಟರು ಜಗಳಕ್ಕೆ ನಿಲ್ಲುತ್ತಿದ್ದರು. ಆದರೆ ನಲವತ್ತು ದಾಟಿದವರಿಗೆ ನೀನು ದಪ್ಪಗಾಗಿದ್ದೀಯ ಎಂದರೆ ಸಾಕ್ಷಿ ಕೇಳುವುದಿಲ್ಲ. ಒಳಗೊಂದು ಅನುಮಾನ ಆಗಲೇ ಇರುತ್ತದೆ. ಅವರು ಪ್ಯಾಂಟು ಮಡಚಿ ಕಂಕುಳಲ್ಲಿಟ್ಟುಕೊಂಡು ಸೀದಾ ಮನೆಗೆ ಹೋಗಿ, ಇವತ್ತಿಂದ ರಾತ್ರಿ ಊಟ ಬೇಡ ಎಂದರಂತೆ.

ಎರಡನೆಯವನು ನಾನು. ನನ್ನ ಹೊಸ ಪ್ಯಾಂಟಿನ ಗುಂಡಿಗೂ ಕಾಜಕ್ಕೂ ನಡುವೆ ನನ್ನ ಮುಷ್ಟಿ ಹಿಡಿಯುವಷ್ಟು ಜಾಗ ಉಳಿಯಿತು. ಅದನ್ನು ಮನೆಯಲ್ಲಿ ತೋರಿಸಬಾರದಿತ್ತು. ನನ್ನ ಹೆಂಡತಿ ಆ ಜಾಗವನ್ನು ನೋಡಿ, ನನ್ನ ತಟ್ಟೆಯಲ್ಲೂ ಅಷ್ಟೇ ಜಾಗ ಖಾಲಿ ಬಿಡತೊಡಗಿದಳು. "ಮಾಸ್ಟರ ಕಂಪ್ಯೂಟರಿಗೆ ನಿಮ್ಮ ಮೇಲೆ ದ್ವೇಷಾನಾ?" ಎಂದಳು. ನಾನು ಖಾಲಿ ತಟ್ಟೆಯ ಅಂಚು ನೆಕ್ಕಿದೆ.

ವಾರದೊಳಗೆ ಬೀದಿಯೇ ಸೊರಗಿತು. ಕ್ಲಿನಿಕ್ಕಿನ ಡಾಕ್ಟರು ತಮ್ಮ ಹೊಸ ಅಂಗಿಯ ಗುಂಡಿ ಹಾಕಲಾಗದೆ ರೋಗಿಗಳನ್ನು ಕೂರಿಸಿ ತಾವೇ ತೂಕದ ಯಂತ್ರ ಹತ್ತಿದರು. ಮೊದಲು ಟೀಗೆ ಎರಡು ಚಮಚ ಸಕ್ಕರೆ ಕೇಳುತ್ತಿದ್ದವರು ಈಗ ಟೀಯನ್ನೇ ಅರ್ಧ ಕೇಳತೊಡಗಿದರು. ಸಂಜೆ ಪಾರ್ಕಿನಲ್ಲಿ ನಡೆಯುವವರ ನೂಕುನುಗ್ಗಲು ಎಷ್ಟಾಯಿತೆಂದರೆ ನಡೆಯಲು ಜಾಗವಿರಲಿಲ್ಲ. ಎಲ್ಲರೂ ನಿಂತುಕೊಂಡೇ ವ್ಯಾಯಾಮ ಮಾಡಿದ ಸಮಾಧಾನಪಟ್ಟರು. ಮಾಸ್ಟರ್ ಮಾತ್ರ ಗಂಭೀರವಾಗಿ, "ಒಂದು ಕಂಪ್ಯೂಟರ್ ಇಡೀ ಬೀದಿ ಆರೋಗ್ಯ ಕಾಪಾಡ್ತಿದೆ," ಎನ್ನುತ್ತಿದ್ದರು.

ಉದ್ಘಾಟನೆಗೆ ಹತ್ತು ದಿನವಿದ್ದಾಗ ಡಿಪೋದಲ್ಲಿ ಬಟ್ಟೆ ಹಾಕಿ ನೋಡುವ ಕಾರ್ಯಕ್ರಮ ನಡೆಯಿತು. ಗಂಟು ಹೊರಲು ನಾನೂ ಹೋಗಿದ್ದೆ. ಏಳನೇ ನಂಬರ್ ಬಸ್ಸು ಓಡಿಸುವ ಡ್ರೈವರನ್ನು ಎಲ್ಲರೂ ನಂಬರ್ ಏಳು ಎಂದೇ ಕರೆಯುತ್ತಾರೆ. ಡಿಪೋದಲ್ಲಿ ಹಿರಿಯ ಅವನೇ, ದಪ್ಪನೆಯವನೂ ಅವನೇ. ಪ್ಯಾಂಟನ್ನು ಎರಡು ಕಡೆ ಇಬ್ಬರು ಹಿಡಿದು ಎತ್ತಿದರು. ನಂಬರ್ ಏಳು ಮೇಲೆ ಬಂದ, ಪ್ಯಾಂಟು ಬರಲಿಲ್ಲ.

"ಉಸಿರು ಎಳ್ಕೊಳ್ಳಿ!" ಎಂದರು ಮಾಸ್ಟರ್.

"ಎಳ್ಕೊಂಡಿದ್ದೀನಿ ಕಣ್ರೀ! ಇನ್ನೂ ಎಳ್ಕೊಂಡ್ರೆ ಬಿಡೋಕೆ ನಾನಿರಲ್ಲ!"

ಡಿಪೋ ಮ್ಯಾನೇಜರು ಕೆಳಗೆ ಬಂದರು. ಇಪ್ಪತ್ತನಾಲ್ಕು ಜನರಲ್ಲಿ ಇಪ್ಪತ್ತೆರಡು ಜನ ಸೊಂಟ ಹಿಡಿದುಕೊಂಡು ನಿಂತಿದ್ದರು. ಮಾಸ್ಟರ್ ಲ್ಯಾಪ್‌ಟಾಪ್ ತೆರೆದು, "ದಾಖಲೆ ನೋಡಿ ಸಾರ್. ಒಂದೊಂದಕ್ಕೂ ದಾಖಲೆ ಇದೆ," ಎಂದರು.

ದಾಖಲೆ ಎನ್ನುವ ಮಾತು ಕೇಳಿದ ಕೂಡಲೇ ಮ್ಯಾನೇಜರ ಮುಖ ಬದಲಾಯಿತು. ದಾಖಲೆಯಲ್ಲಿ ಇರುವುದು ಮತ್ತು ಎದುರಿಗೆ ನಿಂತಿರುವುದು ಬೇರೆಯಾದರೆ ಯಾವುದನ್ನು ನಂಬಬೇಕೆಂದು ಅವರಿಗೆ ನೌಕರಿ ಕಲಿಸಿತ್ತು. ಬಟ್ಟೆ ಉದ್ಘಾಟನೆಯವರೆಗೆ ಅಂಗಡಿಯಲ್ಲೇ ಇರಲಿ ಎಂದು ಗಂಟನ್ನು ನಮ್ಮ ಕೈಗೇ ಕೊಟ್ಟರು. ಅಂದೇ ನೋಟಿಸು ಬೋರ್ಡಿಗೆ ಆದೇಶ ಬಂತು. "ಸಮವಸ್ತ್ರವು ದಾಖಲೆಯ ಅಳತೆಯಂತೆ ಸಿದ್ಧವಾಗಿರುವುದರಿಂದ, ಸಿಬ್ಬಂದಿಯು ಉದ್ಘಾಟನೆಗೆ ಮುಂಚಿತವಾಗಿ ಸಮವಸ್ತ್ರಕ್ಕೆ ಹೊಂದಿಕೊಳ್ಳತಕ್ಕದ್ದು. ತಪ್ಪಿದವರು ಲಿಖಿತ ವಿವರಣೆ ನೀಡತಕ್ಕದ್ದು."

ಮರುದಿನದಿಂದ ಡ್ರೈವರುಗಳು ಬಸ್ಸು ಹತ್ತುವ ಮೊದಲು ಡಿಪೋಗೆ ಹತ್ತು ಸುತ್ತು ನಡೆಯಬೇಕಾಯಿತು. ಆರು ಗಂಟೆಯ ಬಸ್ಸು ಆರೂಮುಕ್ಕಾಲಿಗೆ ಹೊರಡತೊಡಗಿತು. ಕಾದು ಬೇಸತ್ತ ಪ್ರಯಾಣಿಕರು ನಡೆದೇ ಕೆಲಸಕ್ಕೆ ಹೋದರು. ಹೀಗೆ ವ್ಯಾಯಾಮ ಸಾರ್ವಜನಿಕರಿಗೂ ಹಬ್ಬಿತು. ನಂಬರ್ ಏಳು ನನ್ನ ಅಂಗಡಿಗೆ ಬಂದು ಬೆಲ್ಟು ಬಿಸಾಡಿ, "ಒಳಗಡೆಗೆ ಒಂದು ತೂತು ಹಾಕು. ಆದ್ರೆ ಸೊಂಟ, ಇಲ್ಲಾಂದ್ರೆ ಪ್ರಾಣ, ಎರಡರಲ್ಲಿ ಒಂದು ಸಣ್ಣ ಆಗ್ಲೇಬೇಕು," ಎಂದ.

ಬೆಲ್ಟು ನೋಡುತ್ತ ನನಗೆ ಏನೋ ಹೊಳೆದಂತಾಯಿತು. ಆ ಬೆಲ್ಟಿಗೆ ನಾಲ್ಕು ವರ್ಷಗಳಲ್ಲಿ ಹೊರಗಡೆಗೆ ನಾಲ್ಕು ತೂತು ಹಾಕಿದವನು ನಾನೇ. ಹೊಸ ಪ್ಯಾಂಟಿನ ಸೊಂಟ ನನ್ನ ತೂತುಗಳಿಗೂ ಹಿಂದಿನ, ಅಂಗಡಿಯಿಂದ ಬಂದಾಗಿನ ತೂತಿಗೆ ಸರಿಯಾಗುತ್ತಿತ್ತು. ಆದರೆ ಹಸಿದ ಹೊಟ್ಟೆಯಲ್ಲಿ ಯೋಚನೆ ಮುಂದುವರಿಯಲಿಲ್ಲ.

ಅದನ್ನು ಮುಂದುವರಿಸಿದವಳು ಪೇಪರ್ ಏಜೆಂಟನ ಹೆಂಡತಿ. ಉದ್ಘಾಟನೆಗೆ ನಾಲ್ಕು ದಿನವಿದ್ದಾಗ, ಗುರುವಾರ ಬೆಳಿಗ್ಗೆ, ಮಗಳ ಕೈ ಹಿಡಿದು ದರದರನೆ ಬಂದಳು. ಮಗಳಿಗೆ ಹದಿನಾಲ್ಕು ವರ್ಷ, ಶಾಲೆಯ ಹೊಸ ಕೋಟು ಹಾಕಿದ್ದಳು. ಕೋಟಿನ ತೋಳು ಮೊಣಕೈಗೆ ಮುಗಿದಿತ್ತು. ಕೆಳಗಿನ ಅಂಚು ಹೊಕ್ಕುಳ ಮೇಲಿತ್ತು.

"ಏನ್ರೀ ಮಾಸ್ಟರೇ, ಇವಳೂ ಡಯಟ್ ಮಾಡ್ಬೇಕಾ? ಹೇಳಿ, ಎಲ್ಲಿಂದ ಕಡಿಮೆ ಮಾಡ್ಲಿ, ತಲೆ ಕಡೆಯಿಂದ್ಲಾ, ಕಾಲು ಕಡೆಯಿಂದ್ಲಾ?"

ಮಾಸ್ಟರ್ ಲ್ಯಾಪ್‌ಟಾಪ್ ತೆರೆದರು. "ದಾಖಲೆ ಪ್ರಕಾರ..."

"ಸುಮ್ನಿರಿ." ಅತ್ತಿಗೆ ಹೊಲಿಗೆ ಬಿಟ್ಟು ಎದ್ದು ಬಂದು ಪರದೆ ನೋಡಿದರು. ಹುಡುಗಿಯನ್ನು ನೋಡಿದರು. ಕಪ್ಪು ಮೀಸೆಯ ಫೋಟೋ ನೋಡಿದರು. ಹಳದಿ ಗೋಡೆ ನೋಡಿದರು. ಆಮೇಲೆ ಬಹಳ ಮೆತ್ತಗೆ, "ರೀ, ಇದು ಅವಳು ಐದನೇ ಕ್ಲಾಸಲ್ಲಿ ಇದ್ದಾಗಿನ ಅಳತೆ," ಎಂದರು.

ಮಧ್ಯಾಹ್ನ ಅಕ್ಕನ ಮಗಳು ರಜೆ ಹಾಕಿ ಬಂದಳು. ಕಪ್ಪು ಪೆಟ್ಟಿಗೆ ಚುಚ್ಚಿ ಅರ್ಧ ನಿಮಿಷ ನೋಡಿ, ಕುರ್ಚಿ ಎಳೆದುಕೊಂಡು ಕುಳಿತಳು.

"ಮಾವ, ಇದರಲ್ಲಿ ಒಂದೇ ಒಂದು ಬ್ಯಾಕಪ್ ಇದೆ. ನಾಲ್ಕು ವರ್ಷದ ಹಿಂದೆ ನಾನು ಮಾಡಿದ್ದು. ಪ್ರತಿ ಶನಿವಾರ ನೀವೇನ್ ಮಾಡ್ತಿದ್ರಿ?"

"ಬ್ಯಾಕಪ್ ತಗೋತಿದ್ದೆ."

"ಹೇಗೆ ತಗೋತಿದ್ರಿ, ಮಾಡಿ ತೋರಿಸಿ."

ಮಾಸ್ಟರ್ ಕೈ ತೊಳೆದು ಬಂದರು. ತಂತಿ ಚುಚ್ಚಿದರು. ನೀಲಿ ದೀಪ ಮಿಣುಕಿತು. ಎದ್ದು ನಿಂತು ಎಣಿಸತೊಡಗಿದರು. ಅಕ್ಕನ ಮಗಳು ನಲವತ್ತರವರೆಗೆ ತಡೆದುಕೊಂಡಳು.

"ಮಾವ! 'ಶುರು ಮಾಡು' ಅಂತ ಪರದೆ ಮೇಲೆ ಕೇಳ್ತಾ ಇದೆ! ಅದನ್ನ ಒತ್ತಲ್ವಾ?"

"ಅದು ಪ್ರತಿ ಸಲ ಕೇಳತ್ತೆ. ನೀನು ಮಾಡಿದಾಗ ದೀಪ ಮಿಣುಕಿತು, ನೀನು ಕಾದೆ, ಕಿತ್ತೆ. ನಾನೂ ಹಾಗೇ ಮಾಡ್ದೆ. ಕೇಳಿದ್ದಕ್ಕೆಲ್ಲ ಒತ್ತಬೇಡಿ ಅಂತ ನೀನೇ ಹೇಳಿದ್ದೆ."

ಅವಳು ತಲೆಯ ಮೇಲೆ ಕೈ ಹೊತ್ತಳು. ರಿಜಿಸ್ಟರ್ ತಿರುವಿ, "ಈ ಹದಿಮೂರು ಸಹಿ ಯಾರದು?" ಎಂದಳು. ನಾನು ನನ್ನ ಅಂಗಡಿಯಲ್ಲಿ ಗಿರಾಕಿ ಬಂದರೋ ಎಂದು ನೋಡಲು ಹೋದೆ.

ಸಂಜೆ ಮಾಸ್ಟರ್ ಡಿಪೋಗೆ ಹೋಗಿ ತಪ್ಪೊಪ್ಪಿಕೊಂಡರು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು. "ಸಾರ್, ಡ್ರೈವರುಗಳು ದಪ್ಪ ಆಗಿಲ್ಲ. ಅಳತೆ ಹಳೇದು. ಎರಡು ದಿನ ಕೊಡಿ, ಎಲ್ಲರನ್ನೂ ಮತ್ತೆ ಅಳೀತೀನಿ."

ಮ್ಯಾನೇಜರು ಬಾಗಿಲು ಹಾಕಿದರು. "ಧ್ವನಿ ತಗ್ಗಿಸ್ರೀ. ಸಿಬ್ಬಂದಿ ಅಳತೆ ಮೀರಿದ್ದಾರೆ ಅಂತ ನಾನು ಆದೇಶ ಹೊರಡ್ಸಿದ್ದೀನಿ. ಅವರು ಸಣ್ಣ ಆಗ್ತಿದ್ದಾರೆ ಅಂತ ಮೇಲಕ್ಕೆ ವರದಿ ಕಳ್ಸಿದ್ದೀನಿ. ಬಸ್ಸು ಲೇಟಾಗೋಕೆ ಕಾರಣ ಅದೇ ಅಂತ ಬರೆದಿದ್ದೀನಿ. ಈಗ ನೀವು ಟೇಪು ಹಿಡ್ಕೊಂಡು ಡಿಪೋ ಒಳಗೆ ಬಂದ್ರೆ ನನ್ನ ಗತಿ ಏನು? ಸೋಮವಾರ ಆ ಪ್ಯಾಂಟು ಆಗ್ಬೇಕು. ಹೇಗೆ ಅಂತ ನಂಗೆ ಹೇಳ್ಬೇಡಿ. ಆಗ್ಲಿಲ್ಲ ಅಂದ್ರೆ, ಎದುರುಗಡೆ ಅಂಗಡಿಯವರು ತುಂಬಾ ಸಲ ಕರೆದಿದ್ದಾರೆ."

ಅಂಗಡಿಗೆ ಬಂದು ಮಾಸ್ಟರ್ ಬೆಂಚಿನ ಮೇಲೆ ಕುಸಿದರು. "ಇಪ್ಪತ್ತೆರಡು ಪ್ಯಾಂಟು. ಹೊಸ ಬಟ್ಟೆ ಎಲ್ಲಿಂದ ತರ್ಲಿ? ಕತ್ತರಿಸಿದ್ದು ಕತ್ತರಿಸಿದ್ದೇ."

ಅತ್ತಿಗೆ ನಂಬರ್ ಏಳರ ಪ್ಯಾಂಟನ್ನು ಒಳಹೊರಗು ಮಾಡಿ ಅವರ ತೊಡೆಯ ಮೇಲೆ ಎಸೆದರು. ಹಿಂದಿನ ಹೊಲಿಗೆಯ ಆಚೆಗೆ ಮೂರು ಇಂಚು ಬಟ್ಟೆ ಮಡಚಿಕೊಂಡು ಕುಳಿತಿತ್ತು. ಇನ್ನೊಂದು ಪ್ಯಾಂಟು ಎಸೆದರು. ಅದರಲ್ಲೂ ಮೂರು ಇಂಚು.

"ಗೆರೆ ಮೇಲೆ ಕತ್ತರಿಸು ಅಂದಿದ್ನಲ್ಲೇ!"

"ಅಂದಿದ್ರಿ. ನಾನು ಗೆರೆ ಆಚೆ ಕತ್ತರಿಸ್ದೆ. ಕಣ್ಣಿಗೆ ಕಾಣೋ ಹೊಟ್ಟೆ ಬಿಟ್ಟು ಕಂಪ್ಯೂಟರ್ ಒಳಗಿನ ಹೊಟ್ಟೆಗೆ ಹೊಲಿಯೋಕೆ ನಂಗೇನು ತಲೆ ಕೆಟ್ಟಿದ್ಯಾ?"

"ಹಾಗಾದ್ರೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ಸೊಂಟ ಸಣ್ಣ ಅಂತ ಹೇಳ್ದೆ, ಗೋಡೆ ಹಳದಿ ಅಂತ ಹೇಳ್ದೆ. ಕೇಳೋಕೆ ನೀವೆಲ್ಲಿದ್ರಿ? ಎದ್ದೇಳಿ ಈಗ. ಯಾರದು ಎಷ್ಟು ಬಿಡಿಸ್ಬೇಕು ಅಂತ ಗೊತ್ತಾಗ್ಬೇಕು. ಆ ಟೇಪು ಇಳಿಸಿ."

ಮಾಸ್ಟರ್ ಚೌಕಟ್ಟನ್ನು ನೋಡಿದರು. ಕೆಳಗೆ ಚಿನ್ನದ ಬಣ್ಣದಲ್ಲಿ "ಸಾರ್ಥಕ ಸೇವೆ" ಎಂದು ಬರೆಸಿದ್ದರು. ಹಗ್ಗವಾಗಿದ್ದ ಎರಡು ಟೇಪುಗಳು ಭಾರಕ್ಕೆ ಹಿಗ್ಗಿ ಅಳತೆಗೆ ಬಾರದಾಗಿದ್ದವು; ಒಳಗಿನದಕ್ಕೆ ಹಿಂದುಗಡೆ ಅಂಟು ಹಾಕಿ ಮುಚ್ಚಿಸಿದ್ದರಿಂದ ಗಾಜು ಒಡೆಯದೆ ದಾರಿಯಿರಲಿಲ್ಲ. ಏಜೆಂಟನ ಹೆಂಡತಿ, ಪೋಸ್ಟ್‌ಮಾಸ್ಟರು, ಟೀ ಕುಡಿದು ಹೋಗಿದ್ದ ಅರ್ಧ ಬೀದಿ ಬಾಗಿಲಲ್ಲಿತ್ತು. ನಾನು ಸುತ್ತಿಗೆ ತಂದುಕೊಟ್ಟೆ. ಮಾಸ್ಟರ್ ಕಣ್ಣು ಮುಚ್ಚಿ ಒಂದೇಟು ಹಾಕಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಷ್ಟು ಮರ್ಯಾದೆ ನಮ್ಮ ಬೀದಿಗಿದೆ.

ಶುಕ್ರವಾರದಿಂದ ಶನಿವಾರ ಸಂಜೆಯವರೆಗೆ ಡ್ರೈವರುಗಳು ಒಬ್ಬೊಬ್ಬರಾಗಿ ಬೆಲ್ಟು ರಿಪೇರಿಯ ನೆಪದಲ್ಲಿ ನನ್ನ ಅಂಗಡಿಗೆ ಬಂದರು. ಹಿಂದಿನ ಕಪಾಟಿನ ಮರೆಯಲ್ಲಿ, ಹರಿದ ಷೂಗಳ ರಾಶಿಯ ನಡುವೆ ನೆಲದ ಮೇಲೆ ಮಾಸ್ಟರ್ ಟೇಪು ಹಿಡಿದು ಕುಳಿತಿದ್ದರು. ಬಂದವನು ಕೈ ಎತ್ತುವುದು, ಮಾಸ್ಟರ್ ಅಳೆದು ಕೂಗುವುದು, ಹಲಗೆ ಗೋಡೆಯ ಆಚೆಯಿಂದ ಅತ್ತಿಗೆ "ಆಯ್ತು, ಮುಂದಿನವರು" ಎನ್ನುವುದು. ಯಂತ್ರ ಎರಡು ದಿನ ನಿಲ್ಲಲಿಲ್ಲ. ನನ್ನ ಮೊಳೆ ಡಬ್ಬ ಕುಣಿದೂ ಕುಣಿದೂ ಕೆಳಗೆ ಬಿತ್ತು.

ಎಲ್ಲರದೂ ಮೂರು ಇಂಚಿನೊಳಗೆ ಮುಗಿಯಿತು, ನಂಬರ್ ಏಳರದು ಬಿಟ್ಟು. ಅವನಿಗೆ ಇನ್ನೂ ಒಂದಿಂಚು ಬೇಕಾಯಿತು. ಆ ಬಣ್ಣದ ಬಟ್ಟೆ ಉಳಿದಿರಲಿಲ್ಲ. ಅತ್ತಿಗೆ ಎರಡೂ ಪಕ್ಕಕ್ಕೆ ಸೊಂಟದಿಂದ ಪಾದದವರೆಗೆ ಸಣ್ಣ ಕೆಂಪು ಪಟ್ಟಿ ಕೊಟ್ಟು ಹೊಲಿದರು.

ಸೋಮವಾರ ಇಪ್ಪತ್ತನಾಲ್ಕು ಜನ ಸಾಲಾಗಿ ನಿಂತರು. ಒಂದು ಗುಂಡಿಯೂ ಅಲುಗಲಿಲ್ಲ. ಮೇಲಧಿಕಾರಿ ವರದಿಯನ್ನೂ ಸಾಲನ್ನೂ ನೋಡಿ, "ಹತ್ತು ದಿನದಲ್ಲಿ ಮೂರು ಇಂಚು! ಹೇಗೆ ಸಾಧ್ಯ ಆಯ್ತು?" ಎಂದರು.

"ಶಿಸ್ತು ಸಾರ್," ಎಂದರು ಮ್ಯಾನೇಜರು.

"ಈ ಕೆಂಪು ಪಟ್ಟಿ ಏನು?"

ಮ್ಯಾನೇಜರು ಮಾಸ್ಟರ ಕಡೆ ನೋಡಿದರು. ಮಾಸ್ಟರ್ ನನ್ನ ಕಡೆ ನೋಡಿದರು. ನಾನು ಬಸ್ಸಿನ ಕಡೆ ನೋಡಿದೆ. ನಂಬರ್ ಏಳು ಎದೆ ಸೆಟೆಸಿ, "ಹಿರಿಯ ಡ್ರೈವರ್ ಗುರುತು ಸಾರ್!" ಎಂದ.

"ಚೆನ್ನಾಗಿದೆ. ಹದಿನೈದು ವರ್ಷ ಸೇವೆ ಮಾಡಿರೋರಿಗೆಲ್ಲ ಇರ್ಲಿ," ಎಂದು ಅಧಿಕಾರಿ ಬರೆದುಕೊಂಡರು. ಡಿಪೋದ ಹೊಲಿಗೆ ರಸ್ತೆ ದಾಟಲಿಲ್ಲ. ಬದಲಿಗೆ ಒಂಬತ್ತು ಪ್ಯಾಂಟುಗಳು ಪಟ್ಟಿ ಹಾಕಿಸಿಕೊಳ್ಳಲು ಮರಳಿ ಬಂದವು. ಅದರಲ್ಲಿ ಮೂರು, ಹದಿನೈದು ವರ್ಷದ ಹಿಂದೆ ಶಾಲೆಯಲ್ಲಿದ್ದವರದು.

ಅಷ್ಟಕ್ಕೇ ಮುಗಿದಿದ್ದರೆ ಮಾಸ್ಟರ್ ಸ್ವಲ್ಪ ದಿನವಾದರೂ ತಗ್ಗಿ ನಡೆಯುತ್ತಿದ್ದರೋ ಏನೋ. ಆದರೆ ಬುಧವಾರ ಪೋಸ್ಟ್‌ಮಾಸ್ಟರು ಬಂದರು, ನಾಲ್ಕು ವರ್ಷದ ಹಿಂದಿನ ಅಳತೆಯ ಹೊಸ ಪ್ಯಾಂಟನ್ನು ಹಾಕಿಕೊಂಡು. "ಹಸಿದು ಹಸಿದು ಕೊನೆಗೂ ಆಗಿದೆ," ಎಂದರು. ತಪ್ಪು ಲ್ಯಾಪ್‌ಟಾಪಿನದು ಎಂದು ನಾವೆಷ್ಟು ಹೇಳಿದರೂ ಕೇಳಲಿಲ್ಲ. "ಸುಮ್ನಿರಯ್ಯ, ಕಂಪ್ಯೂಟರ್ ಹೇಳಿದ್ದೇ ಸರಿ," ಎಂದು ಮಾಸ್ಟರ ಕೈ ಕುಲುಕಿ ಹೋದರು. ಮಾಸ್ಟರ ಮುಖ ಮತ್ತೆ ಅರಳಿತು. ಅತ್ತಿಗೆ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದ ಸದ್ದು ನನ್ನ ಅಂಗಡಿಗೆ ಕೇಳಿಸಿತು.

ಟೇಪು ಈಗ ಮಾಸ್ಟರ ಕೊರಳಲ್ಲಿದೆ. ಶನಿವಾರ ಅಕ್ಕನ ಮಗಳು ಫೋನಿನಲ್ಲೇ ಇದ್ದು ಬ್ಯಾಕಪ್ ಮಾಡಿಸಿದಳು. ಮಾಸ್ಟರ್ ಕೈ ತೊಳೆದು, ತಂತಿ ಚುಚ್ಚಿ, ಈ ಸಲ ಒತ್ತಬೇಕಾದದ್ದನ್ನು ಒತ್ತಿ, ಎದ್ದು ನಿಂತು ಎಣಿಸಿದರು. ನೂರಾಯಿತು. ಹಸಿರು ಪಟ್ಟಿ ಇನ್ನೂ ಶೇಕಡಾ ಆರರಲ್ಲಿತ್ತು. ಸಾವಿರದ ಇನ್ನೂರರವರೆಗೆ ಎಣಿಸಿ, ಗಂಟಲು ಒಣಗಿ, ನನ್ನ ಅಂಗಡಿಯ ಕಡೆ ಬಗ್ಗಿ ಗುಟ್ಟಾಗಿ ಹೇಳಿದರು:

"ಏನೇ ಹೇಳು, ಮೊದಲಿನ ಬ್ಯಾಕಪ್ಪೇ ಚೆನ್ನಾಗಿತ್ತು. ನೂರಕ್ಕೆ ಮುಗೀತಿತ್ತು."